ಕಾಂಡ್ಲಾ ಕಾಡಿನ ನೋಟಕರು

ಬಂದೂಕು ಹಿಡಿಯದವನು ಹಿಂಸಕನಲ್ಲವೆಂಬ ನಂಬಿಕೆ ಪ್ರವಾಸಿಗಳಲ್ಲಿ ಬಲವಾಗಿ ಬೇರೂರಿದೆ. ಚಳಿಗಾಲದಲ್ಲಿ ಕಾರವಾರದ ಕಾಳಿ ಅಳಿವೆಗೂ ಅಂಕೋಲೆಯ ಗಂಗಾವಳಿ ಅಳಿವೆಗೂ ಹಕ್ಕಿ ನೋಡಲು ಬರುವ ಹಲವರು ಇದೇ ಸಮಾಧಾನದಲ್ಲಿರುತ್ತಾರೆ. ಕೈಯಲ್ಲಿರುವುದು ದುರ್ಬೀನು, ಕ್ಯಾಮೆರಾ. ಇದರಲ್ಲಿ ಪಾಪವೆಲ್ಲಿಯದು ಎಂಬುದು ಅವರ ವಾದ.

ವಾದ ಪೊಳ್ಳು. ಉತ್ತರದ ಶೀತಪ್ರದೇಶಗಳಿಂದ ಸಾವಿರಾರು ಮೈಲಿ ಹಾರಿಬರುವ ಗೊರವದಂಥ ಹಕ್ಕಿಗಳಿಗೆ ಊಟದ ಎಲೆ ಹಾಸುವುದು ಇಳಿತ. ಕೆಸರು ತೆರೆದುಕೊಂಡ ಕೆಲವೇ ಗಂಟೆಗಳಲ್ಲಿ ಹುಳು, ಪುಟ್ಟ ಏಡಿಗಳನ್ನು ಹೆಕ್ಕಿ ಹೊಟ್ಟೆ ತುಂಬಿಸಿಕೊಳ್ಳಬೇಕು. ಭರತ ಬಂದೊಡನೆ ನೀರು ಮುಟ್ಟದ ದಿಬ್ಬದಲ್ಲಿ ಗುಂಪುಗೂಡಿ ವಿಶ್ರಮಿಸಬೇಕು. ವಸಂತದಲ್ಲಿ ಮರಳಿ ಹಾರಲು ಬೇಕಾದ ಕೊಬ್ಬು ಮೈಗೂಡುವುದು ಹೀಗೆ. ಅದೇ ಹೊತ್ತಿಗೆ ಯಂತ್ರದ ದೋಣಿಯನ್ನು ದಂಡೆಗೆ ನುಗ್ಗಿಸಿ, ರೆಕ್ಕೆ ಬಿಚ್ಚಿದ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿ ಹಿಂಡನ್ನೆಬ್ಬಿಸುವುದಕ್ಕೆ ಏನೆನ್ನಬೇಕು? ಒಂದು ಸಲ ಎದ್ದುದರಿಂದ ಹಕ್ಕಿ ಸಾಯುವುದಿಲ್ಲ, ನಿಜ. ದಿನಕ್ಕೆ ಹತ್ತು ಸಲ ಎದ್ದರೆ ಉಂಡದ್ದು ಹಾರಾಟಕ್ಕೇ ವ್ಯಯವಾಗುತ್ತದೆ. ಎಬ್ಬಿಸಿದವನು ದೋಣಿಯವನೆಂಬ ನೆಪವೂ ಸಲ್ಲದು. ಹಣ ಕೊಟ್ಟು ಎಬ್ಬಿಸಿದವನಾರು?

ಪ್ರಯೋಜನವಿಲ್ಲದ ಇಂಥ ಪೀಡೆಯನ್ನು ಶ್ರಾವಕಾಚಾರವು ಅನರ್ಥದಂಡವೆಂದು ಕರೆದು, ಅದರಿಂದ ವಿರತನಾಗುವುದನ್ನು ಗೃಹಸ್ಥನ ಗುಣವ್ರತಗಳಲ್ಲಿ ಸೇರಿಸಿದೆ. ನೇಗಿಲು ಹಿಡಿದವನಿಂದಲೂ ಒಲೆ ಹಚ್ಚಿದವಳಿಂದಲೂ ಆಗುವ ಅನಿವಾರ್ಯ ಹಿಂಸೆಯಿಂದ ಇದನ್ನು ಬೇರೆಯಾಗಿ ಎಣಿಸಿದುದು ಎಷ್ಟು ವಿವೇಕಯುತವೆಂಬುದು ಅಳಿವೆಯ ದಂಡೆಯಲ್ಲಿ ನಿಂತಾಗ ಮನವರಿಕೆಯಾಗುತ್ತದೆ.

ಅದೇ ಕೆಸರಿಗೆ ಮೊಣಕಾಲುದ್ದ ಇಳಿದು ಬಳಚು ಆಯುವ ಹೆಂಗಸರನ್ನು ಕಂಡು ಮೂಗು ಮುರಿಯುವವರೂ ಆ ದೋಣಿಯಲ್ಲಿರುತ್ತಾರೆ! ಜೀವವಧೆ ಜೀವವಧೆಯೇ, ಅದನ್ನು ಮರೆಸಬೇಕಾಗಿಲ್ಲ. ಆದರೆ ಕೆಸರಿನಲ್ಲಿ ನಿಂತವರದು ಹೊಟ್ಟೆಯ ಪ್ರಶ್ನೆ, ದೋಣಿಯಲ್ಲಿ ಕುಳಿತವರದು ಆಲ್ಬಮ್ಮಿನ ಪ್ರಶ್ನೆ. ಕಾಂಡ್ಲಾ ಬುಡದಲ್ಲಿ ಮೀನುಮರಿ ಬೆಳೆಯುತ್ತದೆ, ಅದರ ಬೇರು ದಂಡೆಯ ಮಣ್ಣು ಹಿಡಿದು ಗಜನಿ ಗದ್ದೆಯ ಕಟ್ಟೆಯನ್ನು ಕಾಯುತ್ತದೆ ಎಂಬುದನ್ನು ಆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1930ರಲ್ಲಿ ಉಪ್ಪಿನ ಕಾಯಿದೆ ಮುರಿದು ಸೆರೆಮನೆ ಸೇರಿದ ಊರು ಅಂಕೋಲೆ. ಉಪ್ಪುನೆಲದ ಬೆಲೆಯನ್ನು ಅಲ್ಲಿಯವರಿಗೆ ಹೊರಗಿನವರು ಕಲಿಸುವುದೆ?

ಹಕ್ಕಿಗಳನ್ನು ನೋಡಲೇಬಾರದೆಂದಲ್ಲ. ಕಾರವಾರದ ಕಾಂಡ್ಲಾ ನಡುವೆ ಅರಣ್ಯ ಇಲಾಖೆ ಹಲಗೆಹಾದಿ ಕಟ್ಟಿಸಿದೆ. ಕೆಸರಿನಿಂದ ಮೇಲೆದ್ದ ಉಸಿರುಬೇರುಗಳನ್ನು ತುಳಿಯದೆ ಅಲ್ಲಿಂದ ನೋಡಬಹುದು. ಅದರಿಂದ ಕೆಳಗಿಳಿದು ಬೇರು ತುಳಿಯುವವನಿಗೆ, ತಿಂಡಿಯ ಪ್ಲಾಸ್ಟಿಕ್ ಚೀಲ ನೀರಿಗೆಸೆಯುವವನಿಗೆ ಹಾದಿಯೇನು ಮಾಡೀತು? ಮೇಯುತ್ತಿದ್ದ ಹಕ್ಕಿ ತಲೆಯೆತ್ತಿ ನಿಂತರೆ ನೋಡುಗನು ಹಿಂದೆ ಸರಿಯಬೇಕು. ‘ಇನ್ನೂ ಹತ್ತಿರ ಬಿಡು’ ಎಂದು ದೋಣಿಯವನಿಗೆ ಕೊಡುವ ಹೆಚ್ಚಿನ ಹಣವನ್ನೇ ಯಂತ್ರ ನಿಲ್ಲಿಸಿ ಹುಟ್ಟು ಹಾಕಲು ಕೊಟ್ಟರೆ ಅವನು ಒಲ್ಲೆನ್ನುವನೆ?