‘ಹುಲಿ ಬಂತು ಹುಲಿ’ ಎನ್ನುವ ಕಾಜಾಣ

ದನದ ಬೆನ್ನಿನ ಮೇಲೋ ವಿದ್ಯುತ್ ತಂತಿಯ ಮೇಲೋ ಕುಳಿತಿದ್ದು, ಹಾರುವ ಹುಳುವನ್ನು ಗಕ್ಕನೆ ಹಿಡಿದು ಮತ್ತೆ ಅಲ್ಲಿಗೇ ಮರಳುವ ಕಪ್ಪು ಹಕ್ಕಿ ಕಾಜಾಣವನ್ನು ನೀವು ನೋಡಿಯೇ ಇರುತ್ತೀರಿ. ಅದರ ಹತ್ತಿರದ ಬಂಧುವೊಂದು ಆಫ್ರಿಕದಲ್ಲಿದೆ. ಅದೇ ಕವಲುಬಾಲದ ಕಾಜಾಣ. ಪೂರ್ವ ಮತ್ತು ದಕ್ಷಿಣ ಆಫ್ರಿಕದ ಬಯಲು, ಕುರುಚಲು ಕಾಡುಗಳಲ್ಲಿ ಇದು ಬಹು ಸಾಮಾನ್ಯ. ಹೊಳೆಯುವ ಕಪ್ಪು ಮೈ, ಕೆಂಪು ಕಣ್ಣು, ಸುಮಾರು 25 ಸೆಂ.ಮೀ. ಉದ್ದ. ಗಾತ್ರ ಚಿಕ್ಕದಾದರೂ ಹದ್ದನ್ನೇ ಅಟ್ಟಿಸಿಕೊಂಡು ಹೋಗುವ ಧೈರ್ಯ!

ಕಲಹಾರಿ ಮರುಭೂಮಿಯಲ್ಲಿ ಮೀರ್‌ಕ್ಯಾಟ್ ಎಂಬ, ಮುಂಗುಸಿ ಬಳಗದ ಪ್ರಾಣಿಗಳು ಗುಂಪುಗುಂಪಾಗಿ ಮರಳು ಕೆದಕಿ ಚೇಳು, ಹುಳುಗಳನ್ನು ಹಿಡಿಯುತ್ತವೆ. ಕಾಜಾಣ ಮೇಲೆ ಕೊಂಬೆಯಲ್ಲಿ ಕುಳಿತು ಕಾಯುತ್ತದೆ. ಹದ್ದು ಕಂಡರೆ ಎಚ್ಚರಿಕೆಯ ಕೂಗು ಹಾಕುತ್ತದೆ. ಮೀರ್‌ಕ್ಯಾಟ್‌ಗಳು ಓಡಿ ಅಡಗುತ್ತವೆ, ಜೀವ ಉಳಿಸಿಕೊಳ್ಳುತ್ತವೆ.

ಆದರೆ ಯಾರಿಗಾದರೂ ದಪ್ಪ ಚೇಳೊಂದು ಸಿಕ್ಕಿತೋ, ಹದ್ದು ಇಲ್ಲದಿದ್ದರೂ ಕಾಜಾಣ ಅದೇ ಕೂಗು ಹಾಕುತ್ತದೆ! ಬೆದರಿದ ಪ್ರಾಣಿ ಬೇಟೆಯನ್ನು ಬಿಟ್ಟು ಓಡುತ್ತದೆ. ಕಾಜಾಣ ಕೆಳಗಿಳಿದು ಅದನ್ನು ಎತ್ತಿಕೊಂಡು ಹೋಗುತ್ತದೆ. ತಾನಾಗಿ ಅಗೆದು ತೆಗೆಯಲಾಗದ ಊಟ ಅದಕ್ಕೆ ಹೀಗೆ ದಕ್ಕುತ್ತದೆ.

‘ಹುಲಿ ಬಂತು ಹುಲಿ’ ಎಂದು ಕೂಗಿದ ದನಗಾಹಿ ಹುಡುಗನ ಕಥೆ ನಿಮಗೆ ಗೊತ್ತು. ಮತ್ತೆ ಮತ್ತೆ ಸುಳ್ಳು ಹೇಳಿದ್ದರಿಂದ ಅವನನ್ನು ಯಾರೂ ನಂಬಲಿಲ್ಲ. ಹಾಗಾದರೆ ಕಾಜಾಣವನ್ನು ಹೇಗೆ ನಂಬುತ್ತಾರೆ? ಟಾಮ್ ಫ್ಲವರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಕಲಹಾರಿಯಲ್ಲಿ ಇದನ್ನು ಅಭ್ಯಸಿಸಿ, 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಒಂದು ಕೂಗು ಫಲಿಸದಿದ್ದರೆ ಕಾಜಾಣ ಕೂಗನ್ನೇ ಬದಲಿಸುತ್ತದೆ. ತನ್ನ ದನಿ ಬಿಟ್ಟು ಮೀರ್‌ಕ್ಯಾಟ್‌ನದೇ ದನಿ, ಇಲ್ಲವೇ ಬೇರೆ ಹಕ್ಕಿಗಳ ದನಿ ಅನುಕರಿಸುತ್ತದೆ. ಅಲ್ಲಿನ ಕಾಜಾಣಗಳಿಂದ ಅವರು ಗುರುತಿಸಿದ ಎಚ್ಚರಿಕೆಯ ಕೂಗುಗಳು 51 ಬಗೆ! ದಿನದ ಆಹಾರದಲ್ಲಿ ಸುಮಾರು ಕಾಲು ಭಾಗ ಹೀಗೆ ಕದ್ದದ್ದೇ.

ಇನ್ನೊಂದು ಗುಟ್ಟೂ ಇದೆ. ಕಾಜಾಣ ಎಷ್ಟೋ ಸಲ ನಿಜವನ್ನೇ ಕೂಗುತ್ತದೆ. ಆ ಕೂಗನ್ನು ಅಲಕ್ಷಿಸಿದ ಮೀರ್‌ಕ್ಯಾಟ್‌ ಹದ್ದಿನ ಪಾಲಾಗಬಹುದು. ಒಂದು ಚೇಳು ಹೋದರೆ ಹೋಗಲಿ, ಜೀವ ಉಳಿದರೆ ಸಾಕು. ಕಾಜಾಣದ ಸುಳ್ಳಿಗೆ ಅದರ ನಿಜವೇ ಬಂಡವಾಳ.

ಬೇರೆ ಹಕ್ಕಿಗಳ ದನಿ ಅನುಕರಿಸುವುದರಲ್ಲಿ ನಮ್ಮ ಮಲೆನಾಡಿನ, ಬಾಲದಲ್ಲಿ ಎರಡು ಉದ್ದ ಗರಿಗಳುಳ್ಳ ಕಾಜಾಣವೂ ನಿಪುಣ. ರಜೆಯಲ್ಲಿ ಕಾಡಿನಂಚಿಗೆ ಹೋದಾಗ ಕಿವಿಗೊಟ್ಟು ಆಲಿಸಿ. ಕೂಗಿದ್ದು ಯಾರು, ಯಾರ ದನಿಯಲ್ಲಿ?