ಕಲ್ಯಾಣ ಕೆಟ್ಟದ್ದು ಯಾರಿಂದ?



ಕಳೆದ ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ಎಂದಿನಂತೆ ಬಸವಪುರಾಣದ ಪ್ರವಚನವು ನಡೆದಿತ್ತು. ಬಿಜ್ಜಳನ ವಧೆ, ಶರಣರು ದಿಕ್ಕುದಿಕ್ಕಿಗೆ ಚದುರಿದುದು, ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದುದು, ಈ ಕಥಾಭಾಗವು ಮುಗಿದು ಮಂಗಲವಾದ ಮೇಲೆ ಪ್ರಸಾದದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ವೃದ್ಧ ತಾಯಿಯೊಬ್ಬರು ಹಿಂದಿರುಗಿ ನೋಡಿ ಕೇಳಿದರು:

"ಮಾಸ್ತರ, ಬಸವಣ್ಣನ್ನ ಕಳಿಸಿದಾಂವ ಶಿವ ಅಂತೀರಿ. ಶಿವನ ಕಳಿಸಿದ ಮ್ಯಾಲೆ ಕಲ್ಯಾಣ ಹಾಳಾಗೂದು ಹ್ಯಾಂಗ್ರೀ? ಅಂವಗ ಮೊದಲ ತಿಳೀಲಿಲ್ಲೇನು?"

"ಎಲ್ಲಾ ಅವನ ಲೀಲೆ, ಅವ್ವಾ" ಎಂದೆ. ನಾಲಿಗೆಯ ತುದಿಯಲ್ಲಿ ಸದಾ ಸಿದ್ಧವಾಗಿರುವ ಉತ್ತರವದು.

"ಹಂಗಾರ ಹರಳಯ್ಯನ ಕಣ್ಣು ಕಿತ್ತದ್ದೂ ಲೀಲೆ ಏನ್ರೀ?" ಎಂದವರೇ ಆ ತಾಯಿ ತಟ್ಟೆ ಹಿಡಿದು ಮುಂದೆ ಸಾಗಿದರು. ಅಂದು ನನಗೆ ಪ್ರಸಾದವು ಗಂಟಲಲ್ಲಿ ಇಳಿಯಲಿಲ್ಲ.

ಈ ಪ್ರಶ್ನೆಯು ನಮ್ಮ ಪುರಾಣಗಳಿಗೆ ಮಾತ್ರ ಸೇರಿದುದಲ್ಲ. ಮಹಾಭಾರತದ ಸ್ತ್ರೀಪರ್ವದಲ್ಲಿ ನೂರು ಮಕ್ಕಳನ್ನು ಕಳೆದುಕೊಂಡ ಗಾಂಧಾರಿಯು ಕೃಷ್ಣನನ್ನೇ ಎದುರಿಗೆ ನಿಲ್ಲಿಸಿಕೊಂಡು, ತಡೆಯುವ ಶಕ್ತಿಯಿದ್ದೂ ಏಕೆ ಸುಮ್ಮನಿದ್ದೆಯೆಂದು ಕೇಳಿ, ಮೂವತ್ತಾರನೆಯ ವರ್ಷಕ್ಕೆ ನಿನ್ನ ಕುಲವೂ ಅಳಿಯಲೆಂದು ಶಪಿಸುತ್ತಾಳೆ. ಕೃಷ್ಣನು ನಸುನಕ್ಕು ಶಾಪವನ್ನು ಸ್ವೀಕರಿಸುತ್ತಾನೆ. ಆದರೆ ಈ ನಾಶದಲ್ಲಿ ನಿನ್ನ ಅಪರಾಧವೂ ಇದೆಯೆಂದು ಹೇಳುವುದನ್ನು ಮಾತ್ರ ಬಿಡುವುದಿಲ್ಲ. ದೇವರು ಹೊರೆ ಹೊತ್ತನೆಂದು ಮನುಷ್ಯರ ಹೊರೆ ಇಳಿಯಲಿಲ್ಲ.

ಇನ್ನು ಕಲ್ಯಾಣದ ಮಾತಿಗೆ ಬರೋಣ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿ, ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದ ಬಸವಪುರಾಣದಲ್ಲಿ ಎಲ್ಲವೂ ಕೈಲಾಸದಲ್ಲಿ ಆರಂಭವಾಗುತ್ತದೆ. ಭೂಲೋಕದಲ್ಲಿ ಶಿವಭಕ್ತಿಯನ್ನು ಬೆಳಗಿಸಲೆಂದು ಶಿವನು ನಂದಿಯನ್ನು ಕಳುಹಿಸುತ್ತಾನೆ. ಕಾರ್ಯ ಮುಗಿದೊಡನೆ ಬಂದವನು ಬಂದಲ್ಲಿಗೆ ಮರಳುತ್ತಾನೆ. ಈ ಚೌಕಟ್ಟಿನಲ್ಲಿ ಸೋಲೆಂಬುದಕ್ಕೆ ಸ್ಥಳವೇ ಇಲ್ಲ. ಕವಿಗಳನ್ನು ನಾನು ಆಕ್ಷೇಪಿಸುವುದಿಲ್ಲ. ಕಲ್ಯಾಣವು ಕೈತಪ್ಪಿ ಸುಮಾರು ಇನ್ನೂರು ವರ್ಷಗಳಾದ ಮೇಲೆ, ಚದುರಿದ ಸಮುದಾಯಕ್ಕಾಗಿ ಭೀಮಕವಿಯು ಬರೆದನು. ಮನೆ ಕಳೆದುಕೊಂಡವರಿಗೆ ಮೊದಲು ಬೇಕಾದುದು ಸಾಂತ್ವನವೇ ಹೊರತು ತನಿಖೆಯಲ್ಲ.

ಆದರೆ ಹರಿಹರ ಕವಿಯನ್ನು ನೋಡಿರಿ. ಬಸವರಾಜದೇವರ ರಗಳೆಯಲ್ಲಿ ಆತನು ಹೇಳುವ ಕಾರಣವೇ ಬೇರೆ. ಶಿವನು ಪ್ರಸಾದದ ಹೂಗಳನ್ನು ಗಣಂಗಳಿಗೆ ಹಂಚಲು ವೃಷಭಮುಖನ ಕೈಗೆ ಕೊಡುತ್ತಾನೆ. ಆತನು ಹಂಚುವಾಗ ಷಣ್ಮುಖನನ್ನು ಮರೆಯುತ್ತಾನೆ. ಶಿವನು ಕೇಳಿದಾಗ ಎಲ್ಲರಿಗೂ ಕೊಟ್ಟೆನೆಂದು ಬಿಡುತ್ತಾನೆ. ಆ ಒಂದು ಮರೆವು, ಅದರ ಮೇಲಿನ ಒಂದು ಮಾತು, ಇವುಗಳಿಗಾಗಿ ಆತನು ಭೂಮಿಗೆ ಇಳಿಯಬೇಕಾಗುತ್ತದೆ. ಹಂಚುವವನು ಒಬ್ಬನನ್ನು ಬಿಟ್ಟು 'ಎಲ್ಲರಿಗೂ ಮುಟ್ಟಿತು' ಎಂದನಲ್ಲವೆ? ದಾಸೋಹದ ಪಂಕ್ತಿಯಲ್ಲಿ ಬಡಿಸಿ ಬಲ್ಲವರಿಗೆ ಈ ತಪ್ಪಿನ ತೂಕವು ಚೆನ್ನಾಗಿ ಗೊತ್ತು. ಅಂತಹವನೇ ಕಲ್ಯಾಣಕ್ಕೆ ಬಂದು, ಯಾರನ್ನೂ ಬಿಡದೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ಹೊರಟನೆಂಬುದನ್ನು ನೆನೆದಾಗ ಹರಿಹರನ ಬಗೆಗೆ ನನ್ನ ಗೌರವವು ಇಮ್ಮಡಿಸುತ್ತದೆ.

ಬಸವಪುರಾಣದೊಳಗೂ ಮನುಷ್ಯರ ಕೈವಾಡವೇನೂ ಮರೆಯಾಗಿಲ್ಲ. ಹರಳಯ್ಯ ಮಧುವಯ್ಯರ ಕಣ್ಣು ಕೀಳಿಸಿದವನು ಬಿಜ್ಜಳ, ಶಿವನಲ್ಲ. ಜಗದೇವನು ಮುಯ್ಯಿ ತೀರಿಸಲು ತಡಮಾಡಿದಾಗ ಆತನ ತಾಯಿಯೇ ನಾಯಿಗೆ ಇಕ್ಕುವಂತೆ ಅನ್ನವಿಕ್ಕಿ ಅವಮಾನಿಸುತ್ತಾಳೆ. ಅನಂತರ ದೊರೆಯ ಕೊಲೆ ನಡೆಯುತ್ತದೆ. ಈ ಭಾಗವನ್ನು ಭಕ್ತಿಯ ಪರಾಕಾಷ್ಠೆಯೆಂದು ಕೊಂಡಾಡುವಾಗ ಪ್ರತಿವರ್ಷವೂ ನಾನು ತಲೆ ತಗ್ಗಿಸಿಯೇ ಕೂರುತ್ತೇನೆ, ಹಿರಿಯರು ಕ್ಷಮಿಸಬೇಕು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹದ ವೃತ್ತಾಂತವು ನಂತರದ ಪುರಾಣಗಳಲ್ಲಿ ವಿಸ್ತಾರವಾಗಿ ಬರುತ್ತದೆ. ಅಲ್ಲಿ ಚಾಡಿ ಹೇಳುವ ಕೊಂಡೆಯ ಮಂಚಣ್ಣನಿದ್ದಾನೆ, ಕಿವಿಗೊಡುವ ದೊರೆಯಿದ್ದಾನೆ. ಶರಣರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದಾಗ ಬೀದಿಯ ಎರಡೂ ಬದಿಗೆ ನಿಂತು ನೋಡಿದ ಊರಿನ ಜನ ಎಷ್ಟು ಮಂದಿಯಿದ್ದರೋ! ಅವರ ಹೆಸರನ್ನು ಯಾವ ಕವಿಯೂ ಬರೆಯಲಿಲ್ಲ. ಇದೇ ಬಿಜ್ಜಳನ ಕಥೆಯನ್ನು ಜೈನ ಕವಿಗಳು ಹೇಳುವಾಗ ತಪ್ಪು ಇನ್ನೊಂದು ದಡಕ್ಕೆ ಹೋಗಿ ಸೇರುತ್ತದೆ. 1162ರಲ್ಲಿ ಚಾಲುಕ್ಯರ ಸಿಂಹಾಸನವನ್ನು ತನ್ನದಾಗಿಸಿಕೊಂಡವನ ಪಟ್ಟದಲ್ಲಿ 1168ರ ಹೊತ್ತಿಗೆ ಅವನ ಮಗ ಸೋವಿದೇವನಿದ್ದನು; ಅಧಿಕಾರದ ಆ ಅಲ್ಪಕಾಲದ ಕಳವಳವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಶರಣರ ವಚನಗಳಲ್ಲಿ ಈ ಲೆಕ್ಕವನ್ನು ಬರೆಯುವ ಕ್ರಮವೇ ಬೇರೆ. ಬಸವಣ್ಣನವರು ತಮ್ಮಿಂದಾದ ಒಳಿತನ್ನೆಲ್ಲ ಕೂಡಲಸಂಗನ ಹೆಸರಿಗೆ ಬರೆದರು. ಕೊರತೆಯನ್ನೆಲ್ಲ ತಮ್ಮ ಹೆಸರಿಗೆ ಬರೆದುಕೊಂಡರು. ತಮ್ಮ ಮನಸ್ಸಿನ ಚಂಚಲತೆಯನ್ನು, ಭಕ್ತಿಯ ಪೊಳ್ಳುತನವನ್ನು ಅವರಷ್ಟು ಕಠೋರವಾಗಿ ಬಯ್ದುಕೊಂಡವರು ವಿರಳ. ನಮ್ಮ ಮನೆಗಳ ಖಾತೆಯಲ್ಲಿ ಇದು ತಿರುವುಮುರುವಾಗಿದೆ. ಮಗನಿಗೆ ನೌಕರಿ ದೊರೆತರೆ ನಮ್ಮ ಪರಿಶ್ರಮ, ಸಹೋದರರು ಆಸ್ತಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದರೆ ವಿಧಿ!

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ತಪ್ಪು ತನ್ನದೆಂದು ಬಸವಣ್ಣನವರು ಹೇಳಿಕೊಂಡರೇ ಹೊರತು, ಕಣ್ಣು ಕಳೆದುಕೊಂಡ ಹರಳಯ್ಯನ ಬಳಿ ಹೋಗಿ ನಿನ್ನ ಭಕ್ತಿಯಲ್ಲಿ ಊನವಿತ್ತೆಂದು ಹೇಳಲಿಲ್ಲ. ಮಗುವನ್ನು ಕಳೆದುಕೊಂಡ ತಾಯಿಗೆ ಪೂರ್ವಜನ್ಮದ ಪಾಪವೆಂದು ಬೋಧಿಸುವ ನೆಂಟರನ್ನು ನಾನು ಕಂಡಿದ್ದೇನೆ. ಮನುಷ್ಯನೇ ಕಾರಣನೆಂಬ ಮಾತನ್ನು ಪೆಟ್ಟು ತಿಂದವನ ತಲೆಗೆ ಕಟ್ಟುವುದಾದರೆ, ಲೀಲೆಯೆಂಬ ಮಾತೇ ಎಷ್ಟೋ ಮೇಲು.

ಆ ತಾಯಿಯು ಅಂದು ಏಕೆ ಕೇಳಿದರೆಂಬುದು ನನಗೆ ವಾರದ ಅನಂತರ ತಿಳಿಯಿತು. ಅವರ ಮೊಮ್ಮಗಳು ಓದಿದವಳು, ನೌಕರಿಯಲ್ಲಿರುವವಳು. ತನ್ನೊಡನೆ ಓದಿದ ಹುಡುಗನನ್ನು ಮೆಚ್ಚಿದ್ದಳು. ಆತನೂ ಲಿಂಗವಂತನೇ, ಕೊರಳಲ್ಲಿ ಇಷ್ಟಲಿಂಗವಿರುವವನೇ. ಒಳಪಂಗಡ ಮಾತ್ರ ಬೇರೆ. ಹುಡುಗಿಯ ತಂದೆಯು ಒಪ್ಪಲಿಲ್ಲ. ಹುಡುಗನ ಮನೆಯವರು ಬಂದು ಕೇಳಿದಾಗ, "ಋಣಾನುಬಂಧ ಇಲ್ಲ, ಶಿವನ ಇಚ್ಛೆ ಇಲ್ಲ" ಎಂದು ಹೇಳಿ ಕಳುಹಿಸಿದರು. ಮೂರು ತಿಂಗಳಿಂದ ಆ ಹುಡುಗಿ ಮನೆಯಲ್ಲಿ ಯಾರೊಡನೆಯೂ ಮನಬಿಚ್ಚಿ ಮಾತಾಡಿಲ್ಲವಂತೆ. ಹರಳಯ್ಯ ಕಲ್ಯಾಣಮ್ಮರು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದ ಕಥೆಯ ದಿನ ದಾಸೋಹದ ಸೇವೆಯು ಅದೇ ಮನೆಯವರದಾಗಿತ್ತು. ಆ ತಂದೆಯು ಕಣ್ಣೊರೆಸಿಕೊಳ್ಳುತ್ತ ಬಡಿಸಿದುದನ್ನು ನಾನೇ ನೋಡಿದ್ದೇನೆ. ಅವರ ಕಣ್ಣೀರು ಸುಳ್ಳಾಗಿರಲಿಲ್ಲ.

"ಶಿವನ ಹೆಸರು ಹೇಳಿ ಬಾಗಿಲ ಹಾಕಿದ್ರ ಶಿವ ಏನ ಮಾಡ್ಯಾನು, ಮಾಸ್ತರ? ನೀವು ಅವಗ ಓದಿಸಿದವರು. ಒಂದ ಮಾತ ಹೇಳ್ರಿ" ಎಂದು ಆ ತಾಯಿ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿದರು. ಆಗಲಿ ಎಂದೆ. ಬೇರೆಯವರ ಮನೆಯ ಮಾತು, ನಾಲ್ಕು ಜನ ಏನೆಂದಾರು, ಸಮಯ ಕೂಡಿ ಬರಲಿ ಎಂದು ಯೋಚಿಸುತ್ತಲೇ ದೀಪಾವಳಿಯೂ ಕಳೆಯಿತು. ಇದನ್ನು ಬರೆಯುವ ಹೊತ್ತಿಗೂ ನಾನು ಹೋಗಿಲ್ಲ. ಅವರ ಮನೆಯು ನಮ್ಮ ಓಣಿಯಲ್ಲಿಯೇ ಇದೆ.