ತಿರುವಿ ಹೊಲಿದ ಅಂಗಿ

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ನಾನು ಕೆಲಸಕ್ಕಿದ್ದ ಕಚೇರಿಗೆ ಒಂದು ಸೋಮವಾರ ಎಲೆಬಳ್ಳಿಯ ಅಂಗಿ ತೊಟ್ಟು ಹೋದೆ. ಕಡುನೀಲಿ ಬಟ್ಟೆ, ಅದರ ಮೇಲೆ ಅಂಗೈಯಗಲದ ಹಸಿರೆಲೆಗಳು. ತುಂಬುತೋಳು, ಗರಿಗರಿ ಇಸ್ತ್ರಿ, ಇನ್‌ಷರ್ಟು, ಯಾವುದಕ್ಕೂ ಕೊರತೆ ಮಾಡಿರಲಿಲ್ಲ. ಸಾಹೇಬರು ಹಾಜರಿ ಪುಸ್ತಕದಿಂದ ತಲೆಯೆತ್ತಿ, “ಏನ್ರೀ, ನೀವಿವತ್ತು ರಜಾ ಅಲ್ವಾ?” ಎಂದರು. ಇಡೀ ಹಾಲು ನಕ್ಕಿತು. ಬಿಳಿ, ತಿಳಿನೀಲಿ, ಕೆನೆಬಣ್ಣ, ತೀರಾ ಧೈರ್ಯ ಬಂದರೆ ನೂಲೆಳೆಯಂಥ ಗೆರೆ: ಅಲ್ಲಿಯ ಗಂಡಸರಿಗೆ ಇದ್ದದ್ದು ಇಷ್ಟೇ.

ನಕ್ಕವರಲ್ಲಿ ಪಕ್ಕದ ಮೇಜಿನ ಮೇಡಮ್ಮೂ ಒಬ್ಬರು. ಅವರು ಉಟ್ಟಿದ್ದು ಇಳಕಲ್ ಸೀರೆ. ಕೆಂಪು ಸೆರಗಿನಲ್ಲಿ ಬಿಳಿಯ ತೋಪುತೆನೆ, ಒಡಲಲ್ಲಿ ಕಸೂತಿಯ ಗೋಪುರ, ಆನೆ, ತೇರು. ಒಂದು ಜಾತ್ರೆಯೇ ಅವರ ಹೆಗಲ ಮೇಲಿತ್ತು. ಅದು ಲಕ್ಷಣ, ನನ್ನ ನಾಲ್ಕು ಎಲೆ ಮಾತ್ರ ಪುಂಡಾಟಿಕೆ.

ಈ ಪಂಕ್ತಿಭೇದ ನಮ್ಮದಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನ ಗಂಡಸರು ಜರಿ, ಲೇಸು, ಹೂವಿನ ರೇಷ್ಮೆಗಳನ್ನೆಲ್ಲ ಹೆಂಗಸರಿಗೆ ಬಿಟ್ಟುಕೊಟ್ಟು ಕಪ್ಪು, ಬೂದು ಬಣ್ಣಗಳಿಗೆ ಇಳಿದರು. ಜೆ.ಸಿ. ಫ್ಲೂಗೆಲ್ ಎಂಬ ಮನಶ್ಶಾಸ್ತ್ರಜ್ಞ 1930ರಲ್ಲಿ ಇದಕ್ಕೆ ‘ಗಂಡಸಿನ ಮಹಾತ್ಯಾಗ’ ಎಂಬರ್ಥದ ಹೆಸರಿಟ್ಟ. ಬ್ರಿಟಿಷರ ಗುಮಾಸ್ತಗಿರಿಯ ಜೊತೆಗೆ ಆ ತ್ಯಾಗವೂ ನಮ್ಮ ಪಾಲಿಗೆ ಬಂತು. ಸನ್ಯಾಸ ತೆಗೆದುಕೊಂಡವರು ಅವರು, ಕಾವಿ ಸುತ್ತಿಕೊಂಡವರು ನಾವು.

ಸನ್ಯಾಸ ಮುರಿದ ಊರೂ ಇದೆ: ಹವಾಯಿಯ ಹೊನೊಲುಲು. ಅಲ್ಲಿಯ ಅಲೋಹಾ ಅಂಗಿ 1930ರ ದಶಕದಲ್ಲಿ ಜಪಾನಿ ಕಿಮೋನೋ ಬಟ್ಟೆಯಿಂದ ಹುಟ್ಟಿದ್ದು. ಪ್ರವಾಸಿಗರು, ಸಮುದ್ರದ ದಂಡೆಯ ಹುಡುಗರು ತೊಡುತ್ತಿದ್ದದ್ದು. ಸೆಖೆಯಲ್ಲಿ ಕೋಟು ಟೈ ಕಟ್ಟಿ ಬೇಯುತ್ತಿದ್ದ ನೌಕರರಿಗೆ ಏನು ದಾರಿ ಎಂದು 1946ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿ ಅಧ್ಯಯನ ಮಾಡಿಸಿತು. ನಗರಾಡಳಿತ ಬೇಸಿಗೆಯ ತಿಂಗಳುಗಳಿಗೆ ಟೈಯಿಲ್ಲದ ಸಡಿಲ ಅಂಗಿಯನ್ನೇನೋ ಒಪ್ಪಿತು. ಹೂವಿನದ್ದಕ್ಕೆ ಮಾತ್ರ ಒಪ್ಪಲಿಲ್ಲ! ಮೈಗೆ ಗಾಳಿಯಾಡಲಿ, ಕಣ್ಣಿಗೆ ಹಬ್ಬ ಬೇಡ ಎಂಬ ಈ ಧೋರಣೆ ನನಗೆ ಚೆನ್ನಾಗಿ ಪರಿಚಯ.

ಕೊನೆಗೆ ಉಡುಪು ತಯಾರಕರ ಸಂಘವೇ ಒಂದು ಉಪಾಯ ಹೂಡಿತು. 1962ರಲ್ಲಿ ಹವಾಯಿ ಶಾಸನಸಭೆಯ ಎರಡೂ ಸದನಗಳ ಒಬ್ಬೊಬ್ಬ ಸದಸ್ಯನಿಗೂ ಎರಡೆರಡು ಅಲೋಹಾ ಅಂಗಿ ಹಂಚಿತು. ಪುಕ್ಕಟೆ ಬಂದದ್ದನ್ನು ಯಾವ ದೇಶದ ಶಾಸಕ ಬೇಡವೆಂದಾನು? ಬೇಸಿಗೆಯಲ್ಲಿ ಎಲ್ಲ ಗಂಡಸರೂ ಇದನ್ನೇ ತೊಡಲಿ, ಮೈಗೂ ಹಿತ, ನಾಡಿನ ಉಡುಪು ಉದ್ಯಮಕ್ಕೂ ಹಿತ ಎಂದು ಸೆನೆಟ್ ಗೊತ್ತುವಳಿಯನ್ನೇ ಮಾಡಿತು. 1966ರಲ್ಲಿ ಶುಕ್ರವಾರ ಅಧಿಕೃತವಾಗಿ ಹೂವಿನ ವಾರವಾಯಿತು. 1970ರ ಹೊತ್ತಿಗೆ ವಾರವೆಲ್ಲ ಹೂವೇ. ನನ್ನಂತೆ ಒಬ್ಬನೇ ತೊಟ್ಟು ಹೋಗಿದ್ದರೆ ನಗೆಪಾಟಲು. ಸೆನೆಟರು ತೊಟ್ಟರೆ ಶಿಷ್ಟಾಚಾರ.

ಆದರೂ ಕಚೇರಿ ಪೂರ್ತಿ ಸೋಲಲಿಲ್ಲ. ರೇನ್ ಸ್ಪೂನರ್ ಎಂಬ ಅಲ್ಲಿಯ ಕಂಪನಿ ಅಚ್ಚಿನ ಮುಖವನ್ನು ಒಳಗೆ ಹಾಕಿ, ಬಟ್ಟೆಯನ್ನು ತಿರುವಿ ಅಂಗಿ ಹೊಲಿಯಿತು. ಕೆಂಡದಂಥ ಕೆಂಪು ಬಿಸಿಲಿಗೆ ಮಾಸಿದ ಕೆಂಪಾಗಿ ಕಂಡಿತು. ಕಾಲರಿಗೆ ಗುಂಡಿಯನ್ನೂ ಇಟ್ಟರು. ವಕೀಲರು, ಬ್ಯಾಂಕಿನವರು ಅದನ್ನೇ ಕೊಂಡರು. ಹೂವು ಒಳಗೆ ಬರಬಹುದು, ಆದರೆ ದನಿ ತಗ್ಗಿಸಿ ಬರಬೇಕು.

ಇದನ್ನು ಓದಿದ ರಾತ್ರಿ ಟ್ರಂಕಿನ ತಳದಿಂದ ಆ ಹಳೆಯ ಅಂಗಿಯನ್ನು ತೆಗೆದು ತಿರುವಿ ನೋಡಿದೆ. ಎಲೆಗಳು ಮಂಜಿನಾಚೆಯ ತೋಟದ ಹಾಗೆ ಕಂಡವು. ಹೀಗೆ ತೊಟ್ಟು ಹೋಗಿದ್ದರೆ ಸಾಹೇಬರು ಸುಮ್ಮನಿರುತ್ತಿದ್ದರೇನೋ. ಮತ್ತೆ ಸರಿಮಾಡುವಾಗ ಜೇಬು ಕೈಗೆ ತಾಕಿತು, ಕಣ್ಣಿಗೆ ಸಿಗಲಿಲ್ಲ. ದರ್ಜಿ ಅಂದು, “ಡಿಸೈನ್ ಕೂಡಬೇಕು ಸಾರ್, ಕಾಲು ಮೀಟರ್ ಜಾಸ್ತಿ ತನ್ನಿ” ಎಂದು ಹಟ ಹಿಡಿದಿದ್ದ. ಎದೆಯ ಮೇಲೆ ಶುರುವಾದ ಎಲೆ ಜೇಬಿನ ಅಂಚು ದಾಟಿ, ನರ ಕೂಡ ತಪ್ಪದೆ, ಜೇಬಿನ ಮೇಲೆ ಮುಗಿದಿತ್ತು. ಗುಂಡಿ ಹಾಕಿದರೆ ಎಡಬಲದ ಬಳ್ಳಿ ಒಂದಾಗುತ್ತಿತ್ತು. ಅಷ್ಟು ಅಚ್ಚುಕಟ್ಟಾದ ಕಡತ ಆ ಕಚೇರಿಯಲ್ಲಿ ಒಂದೂ ಇರಲಿಲ್ಲ.